ಗೃಹಸ್ಥರಿಗೆ ಛಾಯಾಗ್ರಹಣ

ಹಿಂದಿನ ಕಾಲದಲ್ಲಿ ಒಂದು ಕುಟುಂಬದವರು ಛಾಯಾಚಿತ್ರ ತೆಗೆಯಿಸಿಕೊಳ್ಳುವುದೆಂದರೆ ಅದೊಂದು ಸಮಾರಂಭವೇ ಆಗಿದ್ದಿತು. ಮಕ್ಕಳಿಗೆ ಹೊಸ ಬಟ್ಟೆ ತೊಡಿಸಿ, ಹಿರಿಯರನ್ನು ಕುರ್ಚಿಗಳಲ್ಲಿ ಕುಳ್ಳಿರಿಸಿ, ಉಸಿರು ಬಿಗಿಹಿಡಿದು ನಿಂತು ತೆಗೆಯಿಸಿದ ಆ ಒಂದು ಚಿತ್ರವು ಕಟ್ಟು ಹಾಕಿಸಿಕೊಂಡು ನಡುಮನೆಯ ಗೋಡೆಯನ್ನೇರಿ ಮೂರು ತಲೆಮಾರು ಅಲ್ಲಿಯೇ ನಿಲ್ಲುತ್ತಿದ್ದಿತು. ಈಗಲಾದರೋ ಮನೆಮನೆಯಲ್ಲಿಯೂ ಮೊಬೈಲ್ ಫೋನು, ಪ್ರತಿಯೊಂದು ಫೋನಿನಲ್ಲಿಯೂ ಕ್ಯಾಮರಾ. ಒಂದು ನಾಮಕರಣದ ದಿವಸ ನಾನೂರು ಚಿತ್ರಗಳನ್ನು ತೆಗೆದರೆ ಯಾರೂ ಸೋಜಿಗಪಡುವುದಿಲ್ಲ. ಆದರೂ ಮನೆಯ ಹಿರಿಯರೊಬ್ಬರು ತೀರಿಕೊಂಡಾಗ, ಕಟ್ಟು ಹಾಕಿಸಿ ಹಾರ ತೊಡಿಸುವುದಕ್ಕೆ ಯೋಗ್ಯವಾದ ಒಂದು ಚಿತ್ರಕ್ಕಾಗಿ ಮನೆಯವರೆಲ್ಲರೂ ತಡಕಾಡುವುದನ್ನೂ, ಕಡೆಗೆ ಯಾವುದೋ ಮದುವೆಯ ಗುಂಪಿನೊಳಗಿಂದ ಮಸುಕಾದ ಮುಖವೊಂದನ್ನು ಕತ್ತರಿಸಿ ಹಿಗ್ಗಿಸುವುದನ್ನೂ ನಾವು ಕಾಣುತ್ತಲೇ ಇದ್ದೇವೆ. ಸಾವಿರ ಚಿತ್ರಗಳಿದ್ದೂ ಬೇಕಾದ ಒಂದು ಚಿತ್ರವಿಲ್ಲದಿರುವುದು ಈ ಕಾಲದ ಹೊಸ ಬಡತನ. ಅದನ್ನು ನೀಗಿಕೊಳ್ಳುವುದಕ್ಕೆ ಹಣಕ್ಕಿಂತಲೂ ಹೆಚ್ಚಾಗಿ ಸ್ವಲ್ಪ ತಿಳಿವಳಿಕೆಯೂ ಸ್ವಲ್ಪ ತಾಳ್ಮೆಯೂ ಬೇಕು.

ಪ್ಯಾರಿಸ್ ನಗರದಲ್ಲಿ ದಾಗೇರ್ ಎಂಬಾತನ ಛಾಯಾಗ್ರಹಣ ವಿಧಾನವು ಪ್ರಕಟವಾದುದು ೧೮೩೯ರಲ್ಲಿ. ಅದಾದ ಹದಿನೈದೇ ವರ್ಷಗಳಲ್ಲಿ, ಎಂದರೆ ೧೮೫೪ರಲ್ಲಿ, ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿಯು ನಮ್ಮ ಹಳೇಬೀಡು ಬೇಲೂರುಗಳ ದೇವಾಲಯಗಳ ಚಿತ್ರಗಳನ್ನು ತೆಗೆದನು. ಆತನು ಬಳಸಿದುದು ರಾಸಾಯನಿಕ ಲೇಪವಿದ್ದ ಕಾಗದವನ್ನು. ಈಗಿನ ಡಿಜಿಟಲ್ ಕ್ಯಾಮರಾದಲ್ಲಿ ಕಾಗದವೂ ಇಲ್ಲ, ಫಿಲ್ಮೂ ಇಲ್ಲ. ಮಸೂರದ ಹಿಂದೆ ಉಗುರಿನಷ್ಟು ಅಗಲದ ಒಂದು ಬಿಲ್ಲೆಯಿದ್ದು, ಅದರ ಮೇಲೆ ಲಕ್ಷಾಂತರ ಬೆಳಕಿನ ಕಣ್ಣುಗಳಿರುತ್ತವೆ. ಒಂದೊಂದು ಕಣ್ಣೂ ತನ್ನ ಮೇಲೆ ಬಿದ್ದ ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಯಂತ್ರವು ಅದನ್ನು ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ಈ ಬಗೆಯ ಬಿಲ್ಲೆಯನ್ನು ೧೯೬೯ರಲ್ಲಿ ಕಲ್ಪಿಸಿದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬವರಿಗೆ ೨೦೦೯ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನವು ದೊರೆಯಿತು. ೧೯೭೫ರಲ್ಲಿ ಅಮೆರಿಕಾದ ಕೊಡಾಕ್ ಕಂಪೆನಿಯ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರು ಕಟ್ಟಿದ ಮೊದಲ ಡಿಜಿಟಲ್ ಕ್ಯಾಮರಾದ ಚಿತ್ರದಲ್ಲಿದ್ದುದು ಹತ್ತು ಸಾವಿರ ಚುಕ್ಕೆಗಳು ಮಾತ್ರ. ಅವನ್ನು ಕ್ಯಾಸೆಟ್ ಸುರುಳಿಯಲ್ಲಿ ಬರೆದುಕೊಳ್ಳುವುದಕ್ಕೆ ಅದಕ್ಕೆ ೨೩ ಸೆಕೆಂಡುಗಳು ಹಿಡಿದವು.

ಇಂದಿನ ಸಾಧಾರಣ ಫೋನಿನಲ್ಲಿಯೂ ಚುಕ್ಕೆಗಳು ಲಕ್ಷಗಟ್ಟಲೆ ಇರುತ್ತವೆ. ಅಂಗಡಿಯವರು ಈ ಸಂಖ್ಯೆಯನ್ನೇ ಮುಂದಿಟ್ಟುಕೊಂಡು ವ್ಯಾಪಾರ ಮಾಡುವುದುಂಟು. ಲೆಕ್ಕ ಹಾಕಿ ನೋಡಿರಿ: ಆರು ಅಂಗುಲ ಉದ್ದ, ನಾಲ್ಕು ಅಂಗುಲ ಅಗಲದ ಚಿತ್ರವನ್ನು ಅಂಗುಲಕ್ಕೆ ೩೦೦ ಚುಕ್ಕೆಗಳಂತೆ ಅಚ್ಚು ಮಾಡಿಸಲು ೧೮೦೦ಕ್ಕೆ ೧೨೦೦, ಅಂದರೆ ೨೧ ಲಕ್ಷ ೬೦ ಸಾವಿರ ಚುಕ್ಕೆಗಳು ಸಾಕು. ಗೋಡೆಗೆ ತೂಗುಹಾಕುವ ಹನ್ನೆರಡಕ್ಕೆ ಎಂಟು ಅಂಗುಲದ ಚಿತ್ರಕ್ಕೂ ೮೬ ಲಕ್ಷ ೪೦ ಸಾವಿರಕ್ಕಿಂತ ಹೆಚ್ಚು ಬೇಡ. ಆದಕಾರಣ ಚಿತ್ರವು ಚೆನ್ನಾಗಿ ಬಾರದಿದ್ದರೆ ಯಂತ್ರವನ್ನು ಹಳಿದು ಮತ್ತೊಂದನ್ನು ಕೊಳ್ಳಹೊರಡುವುದು, ಕುಣಿಯಲಾರದವಳು ನೆಲ ಡೊಂಕು ಎಂದಂತೆ. ಮೊದಲು ಮಾಡಬೇಕಾದ ಕೆಲಸವು ಇನ್ನೂ ಸುಲಭವಾದುದು: ಮೃದುವಾದ ಶುಚಿ ಬಟ್ಟೆಯಿಂದ ಮಸೂರವನ್ನು ಒರೆಸಿರಿ. ದಿನವೆಲ್ಲ ಕೈಯಲ್ಲಿಯೂ ಜೇಬಿನಲ್ಲಿಯೂ ಹೊರಳುವ ಫೋನಿನ ಮಸೂರಕ್ಕೆ ಬೆರಳಿನ ಜಿಡ್ಡು ಹತ್ತಿ, ಚಿತ್ರಕ್ಕೆ ಮಂಜು ಕವಿದಂತಾಗುವುದು.

ಎರಡನೆಯದು ಬೆಳಕನ್ನು ನೋಡಲು ಕಲಿಯುವುದು. ಇದೇ ಈ ವಿದ್ಯೆಯ ಅರ್ಧಪಾಲು. ನಡುಹಗಲಿನ ಬಿಸಿಲು ನೆತ್ತಿಯ ಮೇಲಿನಿಂದ ಬೀಳುವುದರಿಂದ ಹುಬ್ಬಿನ ಕೆಳಗೂ ಮೂಗಿನ ಕೆಳಗೂ ಕಪ್ಪು ನೆರಳು ಕವಿದು, ನಗುವ ಮುಖವೂ ಗಂಟಿಕ್ಕಿಕೊಂಡಂತೆ ಕಾಣುವುದು. ಅದೇ ಮನುಷ್ಯನನ್ನು ಜಗಲಿಯ ನೆರಳಿಗೆ ಕರೆತಂದು, ಹೊರಗಿನ ಬಯಲಿಗೆ ಮುಖಮಾಡಿ ಕುಳ್ಳಿರಿಸಿದರೆ ಬೆಳಕು ಮೆತ್ತಗಾಗಿ, ಕಣ್ಣುಗಳು ತೆರೆದು, ಮುಖದ ಕಳೆಯು ತಾನಾಗಿ ಹೊಮ್ಮುವುದು. ಮಲೆನಾಡಿನ ಮೋಡದ ದಿನವನ್ನು ಚಿತ್ರಕ್ಕೆ ಒದಗದ ದಿನವೆಂದು ಬಗೆಯುವವರಿದ್ದಾರೆ. ವಾಸ್ತವವಾಗಿ ಮುಖಗಳ ಚಿತ್ರಕ್ಕೆ ಅದರಂತಹ ದಿನ ಮತ್ತೊಂದಿಲ್ಲ. ಮನೆಯೊಳಗಾದರೆ ಕಿಟಕಿಯ ಪಕ್ಕದಲ್ಲಿ ಕುಳ್ಳಿರಿಸಿ, ದೀಪಗಳನ್ನು ಆರಿಸಿಬಿಡಿರಿ. ಹಗಲಿನ ಬೆಳಕೂ ದೀಪದ ಬೆಳಕೂ ಬಣ್ಣದಲ್ಲಿ ಬೇರೆಯಾದುದರಿಂದ, ಎರಡೂ ಬೆರೆತರೆ ಮುಖದ ಒಂದು ಪಕ್ಕ ನೀಲಿಯಾಗಿಯೂ ಮತ್ತೊಂದು ಪಕ್ಕ ಹಳದಿಯಾಗಿಯೂ ತೋರುವುದು.

ಕಲ್ಲಿನ ಕೆತ್ತನೆಗೆ ಬೇಕಾದ ಬೆಳಕು ಬೇರೆ. ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೆ ಯಾತ್ರೆ ಹೋಗುವವರು ಇದನ್ನು ನೆನಪಿನಲ್ಲಿಡತಕ್ಕದ್ದು. ಸೂರ್ಯನು ಗೋಡೆಗೆ ನೇರವಾಗಿ ಎದುರು ನಿಂತಿರುವಾಗ ಶಿಲ್ಪವು ಚಪ್ಪಟೆಯಾಗಿ ಕಾಣುತ್ತದೆ; ಅವನು ಓರೆಯಾಗಿ, ಬಿಸಿಲು ಗೋಡೆಯನ್ನು ಸವರಿಕೊಂಡು ಬೀಳುವಾಗ, ಒಂದೊಂದು ಮಣಿಯೂ ತನ್ನ ನೆರಳನ್ನು ತಾನೇ ಬಿಡಿಸಿಕೊಂಡು ಎದ್ದು ನಿಲ್ಲುವುದು. ಅರ್ಧ ಗಂಟೆ ಕಾದವನಿಗೆ ದೊರೆಯುವ ಚಿತ್ರವು ಓಡೋಡಿ ಹೋದವನಿಗೆ ದೊರೆಯದು.

ಇನ್ನು ಫ್ಲಾಷ್ ಎಂಬ ಮಿಂಚುದೀಪದ ವಿಚಾರ. ದೂರವು ಎರಡರಷ್ಟಾದರೆ ಅದರ ಬೆಳಕು ನಾಲ್ಕರಲ್ಲೊಂದು ಪಾಲಿಗೆ ಇಳಿಯುವುದು. ಮೂರರಷ್ಟಾದರೆ ಒಂಬತ್ತರಲ್ಲೊಂದು ಪಾಲಿಗೆ. ಆದುದರಿಂದ ಕಲ್ಯಾಣ ಮಂಟಪದ ಕಡೆಯ ಸಾಲಿನಲ್ಲಿ ಕುಳಿತು ಫೋನಿನ ಮಿಂಚನ್ನು ಹಾರಿಸುವುದರಿಂದ ಮುಂದಿನ ಸಾಲಿನವರ ಬೆನ್ನು ಬೆಳಗುವುದಲ್ಲದೆ ವಧೂವರರಿಗೆ ಏನೂ ಮುಟ್ಟುವುದಿಲ್ಲ. ದೀಪಾವಳಿಯ ಹಣತೆಗಳ ಮುಂದೆಯೂ ಅದನ್ನು ಆರಿಸಿಡುವುದೇ ಮೇಲು. ಇಲ್ಲದಿದ್ದರೆ ಹಣತೆಯ ಹೊಂಬಣ್ಣವೆಲ್ಲ ತೊಳೆದುಹೋಗುವುದು.

ಈಗ ಯಂತ್ರದೊಳಗಿನ ಮೂರು ಹಿಡಿಕೆಗಳನ್ನು ತಿಳಿಯೋಣ. ನಲ್ಲಿಯಿಂದ ಬಿಂದಿಗೆಯನ್ನು ತುಂಬುವಾಗ ನಲ್ಲಿಯನ್ನು ಅಗಲವಾಗಿ ತಿರುಗಿಸಿ ಬೇಗ ತುಂಬಬಹುದು, ಸಣ್ಣಗೆ ಬಿಟ್ಟು ನಿಧಾನವಾಗಿಯೂ ತುಂಬಬಹುದು. ಕ್ಯಾಮರಾದಲ್ಲಿ ನಲ್ಲಿಯ ಅಗಲವೆಂದರೆ ಮಸೂರದ ಕಿಂಡಿ. ಅದು ತೆರೆದಿರುವ ಕಾಲವನ್ನು ಆಳುವುದು ಷಟರು. ಕಿಂಡಿಯ ಅಳತೆಗಳು ಎಫ್ ೪, ೫.೬, ೮, ೧೧, ೧೬ ಎಂದು ಸಾಗುತ್ತವೆ. ಸಂಖ್ಯೆಯು ಏರಿದಂತೆಲ್ಲ ಕಿಂಡಿಯು ಕಿರಿದಾಗಿ, ಹೆಜ್ಜೆಗೊಮ್ಮೆ ಬೆಳಕು ಅರ್ಧಕ್ಕಿಳಿಯುವುದು. ಎಫ್ ೧೬ರಲ್ಲಿ ಸೆಕೆಂಡಿನ ೧೨೫ನೆಯ ಒಂದು ಪಾಲು ತೆರೆದರೆ ಎಷ್ಟು ಬೆಳಕೋ, ಎಫ್ ೮ರಲ್ಲಿ ೫೦೦ನೆಯ ಒಂದು ಪಾಲು ತೆರೆದರೂ ಅಷ್ಟೇ ಬೆಳಕು. ಆದರೆ ಫಲ ಒಂದೇ ಅಲ್ಲ. ಕಿರಿದಾದ ಕಿಂಡಿಯು ಹತ್ತಿರದ ತುಳಸಿಕಟ್ಟೆಯನ್ನೂ ದೂರದ ಗುಡ್ಡವನ್ನೂ ಒಟ್ಟಿಗೆ ಸ್ಪಷ್ಟವಾಗಿಸುವುದು. ಅಗಲವಾದ ಕಿಂಡಿಯು ಮುಖವನ್ನು ಸ್ಪಷ್ಟವಾಗಿಸಿ ಹಿನ್ನೆಲೆಯನ್ನು ಕರಗಿಸುವುದು. ಅಲ್ಪಕಾಲ ತೆರೆದ ಷಟರು ಉಯ್ಯಾಲೆಯ ಮಗುವನ್ನು ಗಾಳಿಯಲ್ಲಿಯೇ ನಿಲ್ಲಿಸುವುದು. ದೀರ್ಘಕಾಲ ತೆರೆದುದು ಜೋಗದ ನೀರನ್ನು ಹಾಲಿನ ಧಾರೆಯಾಗಿಸುವುದು. ಮೂರನೆಯ ಹಿಡಿಕೆಯು ಐ.ಎಸ್.ಓ. ಎಂಬುದು. ಇದನ್ನು ಏರಿಸಿದರೆ ಕತ್ತಲೆಯಲ್ಲಿಯೂ ಚಿತ್ರ ಬರುವುದು ನಿಜ. ಆದರೆ ಹರಿಕಥೆಯಲ್ಲಿ ಧ್ವನಿವರ್ಧಕವನ್ನು ಹೆಚ್ಚಿಸಿದಾಗ ದಾಸರ ಕಂಠದೊಡನೆ ಗರಗರ ಶಬ್ದವೂ ಹೆಚ್ಚುವಂತೆ, ಚಿತ್ರದಲ್ಲಿ ಮರಳು ಎರಚಿದಂತಹ ಕಾಳುಗಳು ಏಳುವುವು. ಬಹುತೇಕ ಫೋನುಗಳಲ್ಲಿ ಕಿಂಡಿಯ ಅಗಲವು ಬದಲಾಗುವುದಿಲ್ಲವಾದುದರಿಂದ ಅವು ಉಳಿದೆರಡನ್ನೇ ಏರಿಸಿ ಇಳಿಸಿ ಕೆಲಸ ಸಾಗಿಸುತ್ತವೆ. ಕತ್ತಲೆಯ ಕೋಣೆಯಲ್ಲಿ ಆಡುವ ಮಗುವಿನ ಚಿತ್ರವು ಕದಡಿಹೋಗುವುದಕ್ಕೆ ಕಾರಣವಿದೇ. ಮಗುವನ್ನು ಬೆಳಕಿನ ಕಡೆಗೆ ಕರೆತರುವುದೇ ಅದಕ್ಕೆ ಮದ್ದು.

ಯಂತ್ರವು ತಾನಾಗಿ ಬೆಳಕನ್ನು ಅಳೆಯುವುದಾದರೂ ಅದಕ್ಕೆ ವಿವೇಕವಿಲ್ಲ. ಎದುರಿಗಿರುವುದೆಲ್ಲವೂ ಸರಾಸರಿ ಬೂದುಬಣ್ಣದ್ದೆಂದು ಭಾವಿಸಿ ಅದು ಲೆಕ್ಕ ಹಾಕುತ್ತದೆ. ಆದುದರಿಂದ ಬಿಳಿಯ ಪಂಚೆ ಉಟ್ಟ ತಾತನವರು ಬಿಳಿಯ ಗೋಡೆಯ ಮುಂದೆ ಕುಳಿತರೆ ಚಿತ್ರವು ಮಂಕಾಗುವುದು. ಕರಿಯ ಕಲ್ಲಿನ ವಿಗ್ರಹವು ಬೂದಿ ಬಳಿದಂತಾಗುವುದು. ಫೋನಿನ ತೆರೆಯಲ್ಲಿ ಮುಖದ ಮೇಲೆ ಬೆರಳಿಟ್ಟರೆ ಅದು ಆ ಮುಖಕ್ಕೇ ಫೋಕಸನ್ನೂ ಬೆಳಕನ್ನೂ ಹೊಂದಿಸಿಕೊಳ್ಳುವುದು. ಆಮೇಲೆ ಬೆಳಕನ್ನು ಏರಿಸುವ ಇಳಿಸುವ ಗುರುತನ್ನು ಜಾರಿಸಿ, ಬಿಳಿಯದಕ್ಕೆ ಸ್ವಲ್ಪ ಹೆಚ್ಚಿಸಬೇಕು, ಕರಿಯದಕ್ಕೆ ಸ್ವಲ್ಪ ತಗ್ಗಿಸಬೇಕು.

ನಿಲ್ಲುವ ಸ್ಥಳವೂ ಮುಖ್ಯವಾದುದು. ಒಂದು ಮೊಳದ ದೂರದಿಂದ ಮುಖದ ಚಿತ್ರ ತೆಗೆದರೆ ಮೂಗು ದೊಡ್ಡದಾಗಿಯೂ ಕಿವಿಗಳು ಚಿಕ್ಕದಾಗಿಯೂ ಬರುವುವು. ನಾಲ್ಕೈದು ಅಡಿ ಹಿಂದೆ ಸರಿದರೆ ಮುಖವು ತನ್ನ ರೂಪಕ್ಕೆ ಬರುವುದು. ಮಕ್ಕಳ ಚಿತ್ರಕ್ಕೆ ಮಂಡಿಯೂರಿ ಅವರ ಕಣ್ಣಿನ ಎತ್ತರಕ್ಕೆ ಇಳಿಯಿರಿ. ಗುಂಡಿಯನ್ನು ಒತ್ತುವ ಮುನ್ನ ಚೌಕಟ್ಟಿನ ನಾಲ್ಕು ಮೂಲೆಗಳನ್ನೂ ಒಮ್ಮೆ ನೋಡುವ ರೂಢಿಯಿಟ್ಟುಕೊಂಡರೆ, ಅಜ್ಜಿಯ ತಲೆಯ ಹಿಂದಿನಿಂದ ವಿದ್ಯುತ್ ಕಂಬವು ಮೊಳೆತು ನಿಲ್ಲುವುದು ತಪ್ಪುವುದು. ಮೊಳಕೈಗಳನ್ನು ಪಕ್ಕೆಗೊತ್ತಿ, ಕಂಬಕ್ಕೋ ಬಾಗಿಲಿನ ಚೌಕಟ್ಟಿಗೋ ಒರಗಿ ತೆಗೆದರೆ ಕೈಯ ಅಲುಗಾಟ ಕಡಮೆಯಾಗುವುದು.

ಆದರೆ ಇವೆಲ್ಲಕ್ಕಿಂತ ಹಿರಿದಾದುದು ತೆಗೆಯುವವರ ನಡತೆ. ‘ಇಲ್ಲಿ ನೋಡಿ, ನಗಿ’ ಎಂದೊಡನೆ ಮುಖವು ಬಿಗಿದುಕೊಳ್ಳುವುದು ಮನುಷ್ಯಸ್ವಭಾವ. ಅಜ್ಜಿಯು ಹೂ ಕಟ್ಟುವಾಗ, ತಂದೆಯು ಕನ್ನಡಕವನ್ನು ಮೂಗಿಗೇರಿಸಿ ಪಂಚಾಂಗ ನೋಡುವಾಗ, ಅವರ ಕೈಗಳೂ ಕಣ್ಣುಗಳೂ ತಮ್ಮ ಕೆಲಸದಲ್ಲಿರುತ್ತವೆ. ಆಗ ದೊರೆಯುವುದೇ ಅವರ ನಿಜವಾದ ರೂಪು. ಹಾಗೆಂದು ಅವರ ಅನುಮತಿಯಿಲ್ಲದೆ ಕದ್ದು ತೆಗೆಯಬಾರದು. ಪರರ ಮಕ್ಕಳ ಚಿತ್ರಗಳನ್ನಂತೂ ತೆಗೆಯುವ ಮೊದಲೂ ಹಂಚುವ ಮೊದಲೂ ಕೇಳಿಕೊಳ್ಳತಕ್ಕದ್ದು. ಮತ್ತೊಂದು ಮಾತು: ಮನೆಯಲ್ಲಿ ಎಲ್ಲರ ಚಿತ್ರವನ್ನು ಯಾವಾಗಲೂ ಒಬ್ಬರೇ ತೆಗೆಯುತ್ತಿದ್ದರೆ ಅವರ ಚಿತ್ರವೇ ಇಲ್ಲದಂತಾಗುವುದು. ಅನೇಕ ಮನೆಗಳಲ್ಲಿ ಆ ಒಬ್ಬರು ತಾಯಿಯೇ ಆಗಿರುತ್ತಾರೆ. ಮಕ್ಕಳು ದೊಡ್ಡವರಾಗಿ ಹುಡುಕುವಾಗ ಆಕೆಯು ಎಲ್ಲಿಯೂ ಕಾಣದಂತಾಗಬಾರದು. ಯಂತ್ರವನ್ನು ಆಗಾಗ ಬೇರೆಯವರ ಕೈಗೆ ಕೊಡುವುದು ಯುಕ್ತ.

ಫಿಲ್ಮಿನ ಕಾಲದಲ್ಲಿ ವನ್ಯಜೀವಿಗಳ ಚಿತ್ರಗಳಿಂದ ಹೆಸರಾದ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದವರಿಗೆ ಒಂದು ಸುರುಳಿಯಲ್ಲಿ ದೊರೆಯುತ್ತಿದ್ದುದು ಹೆಚ್ಚೆಂದರೆ ೩೬ ಚಿತ್ರಗಳು. ತೊಳೆದು ನೋಡುವವರೆಗೆ ಫಲವು ತಿಳಿಯುತ್ತಿರಲಿಲ್ಲ. ನಮಗಾದರೋ ಫಲವು ಆ ಕ್ಷಣವೇ ಕಣ್ಣಮುಂದೆ ಬರುವುದು. ಷಟರು ಎಷ್ಟು ಹೊತ್ತು ತೆರೆದಿದ್ದಿತು, ಐ.ಎಸ್.ಓ. ಎಷ್ಟಿದ್ದಿತು ಎಂಬುದನ್ನೂ ಯಂತ್ರವು ಚಿತ್ರದೊಡನೆಯೇ ಬರೆದಿಡುವುದು. ವಾರಕ್ಕೊಮ್ಮೆ ಕುಳಿತು, ಚೆನ್ನಾಗಿ ಬಂದುದು ಯಾವುದು, ಕೆಟ್ಟುದು ಯಾವುದು, ಏತಕ್ಕೆ ಎಂದು ಪರೀಕ್ಷಿಸಿ, ನೂರರಲ್ಲಿ ಹತ್ತನ್ನು ಉಳಿಸಿಕೊಂಡು ಮಿಕ್ಕುದನ್ನು ಅಳಿಸುವವರು ಒಂದು ವರ್ಷದಲ್ಲಿ ಈ ವಿದ್ಯೆಯಲ್ಲಿ ಬಹಳ ಮುಂದುವರಿಯುವರು.

ಕಡೆಯದಾಗಿ ರಕ್ಷಣೆಯ ಮಾತು. ಫೋನು ನೀರಿಗೆ ಬಿದ್ದರೆ ಅಥವಾ ಕಳುವಾದರೆ ಅದರೊಡನೆ ಹತ್ತು ವರ್ಷಗಳ ಸಂಸಾರವೂ ಹೋಗುವುದುಂಟು. ಪ್ರತಿಯೊಂದು ಒಳ್ಳೆಯ ಚಿತ್ರಕ್ಕೂ ಮೂರು ಪ್ರತಿಗಳಿರಲಿ; ಅವು ಎರಡು ಬಗೆಯ ಸಾಧನಗಳಲ್ಲಿರಲಿ; ಒಂದು ಪ್ರತಿಯಾದರೂ ಬೇರೊಂದು ಮನೆಯಲ್ಲಿರಲಿ. ವಾಟ್ಸ್‌ಆ್ಯಪ್ ಮೂಲಕ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರವು ಕುಗ್ಗಿಹೋಗುವುದರಿಂದ ಮೂಲಚಿತ್ರವನ್ನು ಬೇರೆಯಾಗಿ ಕಾಪಾಡತಕ್ಕದ್ದು. ವರ್ಷಕ್ಕೆ ಇಪ್ಪತ್ತು ಚಿತ್ರಗಳನ್ನಾದರೂ ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಹೆಸರು, ಊರು, ಇಸವಿಗಳನ್ನು ಬರೆದಿಡಿರಿ. ಹೆಸರಿಲ್ಲದ ಚಿತ್ರವು ಎರಡು ತಲೆಮಾರು ಕಳೆಯುವುದರೊಳಗಾಗಿ ಯಾರದೋ ಆಗಿಬಿಡುವುದು.

ಈ ತಿಂಗಳ ಒಂದು ಭಾನುವಾರ ಬೆಳಗ್ಗೆ, ಮನೆಯ ಅತ್ಯಂತ ಹಿರಿಯರನ್ನು ಜಗಲಿಯಲ್ಲಿ ಕುಳ್ಳಿರಿಸಿ, ಅವರೊಡನೆ ಅರ್ಧ ಗಂಟೆ ಹಳೆಯ ಮಾತನಾಡುತ್ತ ಐದಾರು ಚಿತ್ರಗಳನ್ನು ತೆಗೆಯಿರಿ. ಅವುಗಳಲ್ಲಿ ಒಂದು ಚೆನ್ನಾಗಿ ಬಂದರೂ ಸಾಕು; ಅದನ್ನು ಅವರ ಕೈಗೇ ಕೊಟ್ಟು, ಅವರು ಕನ್ನಡಕವನ್ನು ಸರಿಪಡಿಸಿಕೊಂಡು ಅದನ್ನು ನೋಡುವುದನ್ನು ನೋಡಿ ಸಂತೋಷಪಡಿರಿ.