ಕೊಬ್ಬು ಕರಗಿಸುವ ಗುಳಿಗೆ: ಎಷ್ಟು ನಿಜ, ಎಷ್ಟು ಅಪಾಯ?

‘ಪಥ್ಯ ಬೇಡ, ವ್ಯಾಯಾಮ ಬೇಡ. ದಿನಕ್ಕೊಂದು ಗುಳಿಗೆ ನುಂಗಿ, ಕೊಬ್ಬು ತಾನಾಗಿಯೇ ಕರಗುತ್ತದೆ.’ ಇಂಥ ಜಾಹೀರಾತುಗಳನ್ನು ನೋಡದವರು ಇಂದು ವಿರಳ. ಬೊಜ್ಜು, ಸಕ್ಕರೆ ಕಾಯಿಲೆ, ಯಕೃತ್ತಿನಲ್ಲಿ (ಲಿವರ್) ಕೊಬ್ಬು ತುಂಬಿಕೊಳ್ಳುವುದು ಇವೆಲ್ಲ ಬಹುಮಟ್ಟಿಗೆ ಒಂದೇ ಬಳ್ಳಿಯ ಕಾಯಿಗಳು. ದೇಹದ ಆದಾಯ ಖರ್ಚಿಗಿಂತ ಹೆಚ್ಚಾದಾಗ ಉಳಿದದ್ದು ಕೊಬ್ಬಾಗಿ ಶೇಖರವಾಗುತ್ತದೆ. ಹಾಗಾದರೆ ಖರ್ಚನ್ನೇ ಹೆಚ್ಚಿಸುವ ಔಷಧ ಇರಬಾರದೇ?

ಇದೆ. ಆದರೆ ಬೆಂಕಿ ಹೊತ್ತಿಸುವುದು ಸುಲಭ, ಅದನ್ನು ಒಲೆಯೊಳಗೇ ಇರಿಸುವುದು ಕಷ್ಟ. ಈ ಔಷಧಗಳ ತೊಂಬತ್ತು ವರ್ಷಗಳ ಚರಿತ್ರೆ ಹೇಳುವುದು ಇದನ್ನೇ.

ಕೊಬ್ಬು ಉರಿಯುವುದು ಎಲ್ಲಿ?

ನಮ್ಮ ಜೀವಕೋಶಗಳೊಳಗೆ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮ ಕಣಗಳಿವೆ. ಕೊಬ್ಬು ಮತ್ತು ಸಕ್ಕರೆ ಆಮ್ಲಜನಕದ ನೆರವಿನಿಂದ ಉರಿದು ಶಕ್ತಿಯಾಗುವುದು ಇಲ್ಲಿಯೇ. ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕಿಲೋ ಕ್ಯಾಲೊರಿ ಶಕ್ತಿ ದೊರೆಯುತ್ತದೆ.

ಈ ಕಣಗಳನ್ನು ಜಲವಿದ್ಯುತ್ ಕೇಂದ್ರಕ್ಕೆ ಹೋಲಿಸಬಹುದು. ಅಣೆಕಟ್ಟಿನ ನೀರು ಟರ್ಬೈನ್ ಮೂಲಕ ಹರಿದಾಗ ವಿದ್ಯುತ್ ಹುಟ್ಟುತ್ತದೆ. ಅದೇ ನೀರನ್ನು ತೂಬು ತೆರೆದು ಬಿಟ್ಟರೆ ನೀರು ಖಾಲಿಯಾಗುತ್ತದೆ, ವಿದ್ಯುತ್ ಮಾತ್ರ ಬರುವುದಿಲ್ಲ. ಮೈಟೊಕಾಂಡ್ರಿಯದಲ್ಲಿ ಹೀಗೆ ತೂಬು ತೆರೆಯುವ ರಾಸಾಯನಿಕಗಳಿವೆ. ಆಗ ಕೊಬ್ಬು ಉರಿಯುತ್ತದೆ, ಆದರೆ ಹೊರಬೀಳುವುದು ಕೆಲಸಕ್ಕೆ ಬರುವ ಶಕ್ತಿಯಲ್ಲ, ಬರೀ ಶಾಖ.

ಸ್ಫೋಟಕದಿಂದ ಬಂದ ಔಷಧ

ಅಂಥ ಒಂದು ರಾಸಾಯನಿಕ ಡೈನೈಟ್ರೋಫಿನಾಲ್, ಚಿಕ್ಕದಾಗಿ ಡಿಎನ್‌ಪಿ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಇದನ್ನು ಬಳಸುತ್ತಿದ್ದರು. ಅಲ್ಲಿನ ಕಾರ್ಮಿಕರು ವಿಪರೀತ ಬೆವರಿ, ಜ್ವರ ಬಂದು, ತೂಕ ಕಳೆದುಕೊಂಡರು. ಕೆಲವರು ಸತ್ತರು.

1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಟೈಂಟರ್ ಮತ್ತು ಕಟಿಂಗ್ ಎಂಬ ವೈದ್ಯ ವಿಜ್ಞಾನಿಗಳು ಇದನ್ನು ಬೊಜ್ಜಿನ ರೋಗಿಗಳಿಗೆ ಕೊಟ್ಟು ನೋಡಿದರು. ವಾರಕ್ಕೆ ಒಂದು ಕಿಲೋ ಆಸುಪಾಸು ತೂಕ ಇಳಿಯಿತು. ಸುದ್ದಿ ಹಬ್ಬಿದ್ದೇ ತಡ, ಸುಮಾರು ಒಂದು ಲಕ್ಷ ಜನ ಇದನ್ನು ನುಂಗಿದರೆಂದು ಅಂದಾಜು. ಬೆನ್ನಿಗೇ ಬಂತು ಅನಾಹುತ. ಎಷ್ಟೋ ಮಂದಿಗೆ ಎಳೆಯ ವಯಸ್ಸಿನಲ್ಲೇ ಕಣ್ಣಿನ ಪೊರೆ ಬಂದು ದೃಷ್ಟಿ ಹೋಯಿತು. ಕೆಲವರು ಮೈಯ ಬಿಸಿ ಇಳಿಯದೆ ಪ್ರಾಣ ಬಿಟ್ಟರು. 1938ರ ಹೊಸ ಕಾನೂನಿನ ನಂತರ ಅಮೆರಿಕ ಸರ್ಕಾರ ಇದನ್ನು ಮನುಷ್ಯರ ಬಳಕೆಗೆ ತಕ್ಕುದಲ್ಲವೆಂದು ಸಾರಿತು.

ಇದು ಹಳೆಯ ಕತೆ ಎಂದು ಸುಮ್ಮನಿರುವಂತಿಲ್ಲ. ಮೈಕಟ್ಟು ಬೆಳೆಸುವ ಹುಡುಗರಿಗೆ, ತೆಳ್ಳಗಾಗಬಯಸುವ ಹುಡುಗಿಯರಿಗೆ ಇದೇ ಹಳದಿ ಪುಡಿಯನ್ನು ಕದ್ದುಮುಚ್ಚಿ ಮಾರಿದ್ದುಂಟು. ಸಾವುಗಳು ಸಂಭವಿಸಿದ್ದರಿಂದ 2015ರಲ್ಲಿ ಇಂಟರ್‌ಪೋಲ್ ಎಲ್ಲ ದೇಶಗಳಿಗೂ ಎಚ್ಚರಿಕೆ ನೀಡಿತು. ಈ ವಿಷಕ್ಕೆ ಪ್ರತಿಮದ್ದಿಲ್ಲ.

ಯಕೃತ್ತಿಗೇ ಮೀಸಲಾದ ಮಾತ್ರೆ

ದೇಹದ ಉರಿಯನ್ನು ಹೆಚ್ಚಿಸುವ ಮತ್ತೊಂದು ವಸ್ತು ನಮ್ಮಲ್ಲೇ ಇದೆ. ಅದು ಥೈರಾಯ್ಡ್ ಗ್ರಂಥಿಯ ಹಾರ್ಮೋನು. ತೂಕ ಇಳಿಸಲೆಂದು ಅದನ್ನು ಅತಿಯಾಗಿ ಸೇವಿಸಿದರೆ ಎದೆಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಆದರೆ ಈ ಹಾರ್ಮೋನನ್ನು ಬರಮಾಡಿಕೊಳ್ಳುವ ಬಾಗಿಲುಗಳಲ್ಲಿ ಎರಡು ಬಗೆ: ಹೃದಯದಲ್ಲಿ ಆಲ್ಫಾ ಬಗೆಯದು ಹೆಚ್ಚು, ಯಕೃತ್ತಿನಲ್ಲಿ ಬೀಟಾ ಬಗೆಯದು ಹೆಚ್ಚು. ಬೀಟಾ ಬಾಗಿಲನ್ನೇ ಹೆಚ್ಚಾಗಿ ತಟ್ಟುವ ಔಷಧ ರೆಸ್ಮೆಟಿರೋಮ್. ಇದು ಯಕೃತ್ತಿನ ಕೊಬ್ಬನ್ನು ಅಲ್ಲಿಯೇ ಉರಿಸಲು ನೆರವಾಗುತ್ತದೆ.

966 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, 52 ವಾರಗಳ ನಂತರ 80 ಮಿಲಿಗ್ರಾಂ ಸೇವಿಸಿದವರಲ್ಲಿ ಶೇ 25.9, 100 ಮಿಲಿಗ್ರಾಂ ಸೇವಿಸಿದವರಲ್ಲಿ ಶೇ 29.9 ಮಂದಿಗೆ ಯಕೃತ್ತಿನ ಉರಿಯೂತ ಶಮನವಾಯಿತು. ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಇದು ಶೇ 9.7. ಅಮೆರಿಕ 2024ರ ಮಾರ್ಚ್‌ನಲ್ಲಿ ಇದಕ್ಕೆ ಷರತ್ತಿನ ಒಪ್ಪಿಗೆ ಕೊಟ್ಟಿತು. ಗುಣ ಕಂಡದ್ದು ಮೂವರಲ್ಲಿ ಒಬ್ಬರಿಗಿಂತ ಕಡಿಮೆ ಜನರಿಗೆ ಎಂಬುದನ್ನು ಗಮನಿಸಿ. ಭೇದಿ, ವಾಕರಿಕೆ ಇದರ ಅಡ್ಡಪರಿಣಾಮಗಳು. ಇದು ತೂಕ ಇಳಿಸುವ ಗುಳಿಗೆಯೂ ಅಲ್ಲ, ಯಕೃತ್ತು ಸಿರೋಸಿಸ್ ಹಂತ ಮುಟ್ಟಿದವರಿಗಾಗಿ ಇರುವುದೂ ಅಲ್ಲ. ಉರಿಯೂತದೊಂದಿಗೆ ಯಕೃತ್ತು ನಾರುಗಟ್ಟತೊಡಗಿದವರಿಗೆ ಮಾತ್ರ.

ಅಂದಹಾಗೆ, ಈಗ ಮನೆಮಾತಾಗಿರುವ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದುಗಳು ಬೇರೆ ಗುಂಪಿನವು. ಅವು ಮುಖ್ಯವಾಗಿ ಹಸಿವನ್ನು ತಗ್ಗಿಸುತ್ತವೆ, ಉರಿಯನ್ನು ಹೆಚ್ಚಿಸುವುದಿಲ್ಲ.

ನೀವು ಮಾಡಬೇಕಾದದ್ದು

* ‘ಕೊಬ್ಬು ಕರಗಿಸುವ’ ಪುಡಿ, ಗುಳಿಗೆಗಳನ್ನು ಜಿಮ್‌ನವರ ಅಥವಾ ಸ್ನೇಹಿತರ ಮಾತು ಕೇಳಿ ಕೊಳ್ಳಬೇಡಿ. ಮನೆಯ ಮಕ್ಕಳು ಏನು ಸೇವಿಸುತ್ತಿದ್ದಾರೆಂದು ಗದರದೆ ಕೇಳಿ ತಿಳಿಯಿರಿ.

* ಇಂಥದ್ದನ್ನು ಸೇವಿಸಿದವರಿಗೆ ವಿಪರೀತ ಬೆವರು, ಮೈ ಸುಡುವ ಬಿಸಿ, ಏದುಸಿರು, ಎದೆಬಡಿತ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದ ಪುಡಿ ಅಥವಾ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ.

* ಮನೆಯಲ್ಲೊಬ್ಬರಿಗೆ ಬರೆದುಕೊಟ್ಟ ಥೈರಾಯ್ಡ್ ಮಾತ್ರೆಯನ್ನು ಮತ್ತೊಬ್ಬರು ಸಣ್ಣಗಾಗಲು ನುಂಗಬಾರದು.

* ಸಕ್ಕರೆ ಕಾಯಿಲೆ ಅಥವಾ ಬೊಜ್ಜು ಇರುವವರು ಯಕೃತ್ತಿನ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಯಕೃತ್ತಿನ ಕೊಬ್ಬು ಸಾಮಾನ್ಯವಾಗಿ ನೋವು ಕೊಡುವುದಿಲ್ಲ, ಸದ್ದಿಲ್ಲದೆ ಬೆಳೆಯುತ್ತದೆ.

* ದೇಹದ ತೂಕದಲ್ಲಿ ಶೇ 5ರಷ್ಟು ಇಳಿದರೂ ಯಕೃತ್ತಿನ ಕೊಬ್ಬು ಕಡಿಮೆಯಾಗುತ್ತದೆ. ಶೇ 7ರಿಂದ 10 ಇಳಿದರೆ ಉರಿಯೂತವೂ ತಗ್ಗಬಹುದು. 80 ಕಿಲೋ ತೂಗುವವರಿಗೆ ಇದು 4ರಿಂದ 8 ಕಿಲೋ.

ಚುರುಕಾಗಿ ನಡೆಯುವಾಗ ಸ್ನಾಯುಗಳ ಮೈಟೊಕಾಂಡ್ರಿಯಗಳು ಕೊಬ್ಬನ್ನೇ ಉರಿಸುತ್ತವೆ. ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ ನಡೆದರೆ ಒಲೆಯೂ ಹೊತ್ತಿರುತ್ತದೆ, ಬೆಂಕಿಯೂ ಒಲೆಯೊಳಗೇ ಇರುತ್ತದೆ.