ಸಾಫ್ಟ್‌ವೇರ್ ತೆರೆಯುತ್ತೆ, ತೂಕ ಮಾತ್ರ ಬರಲ್ಲ!

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬಂದು ಮೋಟೆಬೆನ್ನೂರಿನಲ್ಲಿ ತಿರುಗಿದರೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ. ಇಲ್ಲಿನ ವ್ಯಾಪಾರ ನಿಂತಿರುವುದೇ ತೂಕದ ಮೇಲೆ. ವೇಬ್ರಿಡ್ಜ್ ಮೇಲೆ ಲಾರಿ ಹತ್ತಿದರೆ ತೂಕ ಕಂಪ್ಯೂಟರಿಗೆ ಬರಬೇಕು, ಚೀಟಿ ಹೊರಬೀಳಬೇಕು. ಅಂಥದ್ದೊಂದು ಹಳೇ ಕಂಪ್ಯೂಟರನ್ನು ಈಗ ಬದಲಿಸಬೇಕು ಅಂದುಕೊಳ್ಳಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅಂಗಡಿಯವರು ಆರ್ಮ್ ಪ್ರೊಸೆಸರಿನ ಲ್ಯಾಪ್‌ಟಾಪ್ ತೋರಿಸಿ, ‘ಹಳೇದೆಲ್ಲಾ ಇದರಲ್ಲೂ ಓಡುತ್ತೆ’ ಅಂದರೆ ನಂಬಬಹುದಾ?

ಅರ್ಧ ಮಾತ್ರ ನಂಬಬಹುದು.

ಹಳೇ ಸಾಫ್ಟ್‌ವೇರ್ ಬರೆದಿರುವುದು ಇಂಟೆಲ್, ಎಎಂಡಿ ಚಿಪ್‌ಗಳ ಎಕ್ಸ್86 ಭಾಷೆಯಲ್ಲಿ. ಆರ್ಮ್ ಚಿಪ್‌ಗೆ ಆ ಭಾಷೆ ಬರಲ್ಲ. ನಡುವೆ ಎಮ್ಯುಲೇಟರ್ ಕೂತು ಒಂದೊಂದೇ ತುಂಡನ್ನು ಅನುವಾದಿಸಿ, ಮತ್ತೆ ಬೇಕಾದೀತೆಂದು ಎತ್ತಿಡುತ್ತದೆ. ವಿಂಡೋಸ್ 11ರಲ್ಲಿ 2024ರಲ್ಲಿ ಬಂದ ಪ್ರಿಸಮ್ ಮಾಡುವುದು ಇದನ್ನೇ; 2020ರ ಆ್ಯಪಲ್ ರೊಸೆಟ್ಟಾ 2 ಬಹುಪಾಲನ್ನು ಮೊದಲೇ ಅನುವಾದಿಸಿ ಇಟ್ಟುಕೊಳ್ಳುತ್ತದೆ. ಲೆಕ್ಕಪತ್ರ, ಬಿಲ್ಲಿಂಗ್‌ನಂಥ ಕೆಲಸಕ್ಕೆ ಇದು ಸಾಕು.

ತೊಡಕು ಇರುವುದು ಯಂತ್ರದ ಜೊತೆ ಮಾತಾಡುವಾಗ. ಸಾಮಾನ್ಯ ಪ್ರೋಗ್ರಾಂ ಹಾರ್ಡ್‌ವೇರನ್ನು ನೇರವಾಗಿ ಮುಟ್ಟುವುದಿಲ್ಲ. ‘ಈ ಪೋರ್ಟಿನಿಂದ ಓದಿಕೊಡು’ ಎಂದು ಆಪರೇಟಿಂಗ್ ಸಿಸ್ಟಮ್ಮನ್ನು ಕೇಳುತ್ತದೆ. ಮುಟ್ಟುವುದು ಡ್ರೈವರ್. ಅದು ಇರುವುದು ಸಿಸ್ಟಮ್ಮಿನ ಒಳಮನೆಯಾದ ಕರ್ನೆಲ್‌ನಲ್ಲಿ. ಎಮ್ಯುಲೇಟರ್ ಕೆಲಸ ಹೊರಜಗಲಿಗೇ ಮುಗಿಯುತ್ತದೆ, ಒಳಮನೆಗೆ ಅದಕ್ಕೆ ಪ್ರವೇಶವಿಲ್ಲ. ಹಾಗಾಗಿ ಕರ್ನೆಲ್ ಡ್ರೈವರ್ ಆರ್ಮ್‌ಗೆಂದೇ ತಯಾರಾಗಿರಬೇಕು. ತೂಕದ ಯಂತ್ರಕ್ಕೆ ಜೋಡಿಸುವ ಯುಎಸ್‌ಬಿ–ಸೀರಿಯಲ್ ಕೇಬಲ್, ಸಾಫ್ಟ್‌ವೇರ್ ಲೈಸೆನ್ಸಿನ ಡಾಂಗಲ್, ಹಳೇ ಪ್ರಿಂಟರ್ ಸಿಕ್ಕಿಬೀಳುವುದು ಇಲ್ಲೇ. ತೆರೆಯ ಮೇಲೆ ಸಾಫ್ಟ್‌ವೇರ್ ಚೆನ್ನಾಗೇ ಕಾಣುತ್ತೆ, ತೂಕದ ಜಾಗ ಖಾಲಿ.

ಇನ್ನೊಂದು ದಾರಿಯೂ ಇದೆ. ಕ್ಯೂಎಮು ಎಂಬ ಮುಕ್ತ ತಂತ್ರಾಂಶ ಇಡೀ ಎಕ್ಸ್86 ಕಂಪ್ಯೂಟರನ್ನೇ ಆರ್ಮ್ ಮೇಲೆ ನಕಲು ಮಾಡಬಲ್ಲದು. ಅದರೊಳಗೆ ಹಳೇ ವಿಂಡೋಸ್ ಹಾಕಿ, ಯುಎಸ್‌ಬಿ ಸಾಧನವನ್ನು ಹಾಗೇ ಒಳಕ್ಕೆ ಒಪ್ಪಿಸಿದರೆ, ಹಳೇ ಡ್ರೈವರ್ ಅಲ್ಲೇ ಕೆಲಸ ಮಾಡಬಹುದು. ಆದರೆ ಕರ್ನೆಲ್ ಸಮೇತ ಎಲ್ಲವೂ ಅನುವಾದವಾಗುವುದರಿಂದ ವೇಗ ತುಂಬಾ ಕುಸಿಯುತ್ತದೆ. ಲಾರಿಗಳು ಸಾಲುಗಟ್ಟಿ ನಿಂತಾಗ ಇದನ್ನು ನೆಚ್ಚಿಕೊಳ್ಳುವುದು ಕಷ್ಟ.

ಆದ್ದರಿಂದ ‘ಸಾಫ್ಟ್‌ವೇರ್ ಓಡುತ್ತಾ?’ ಅಂತ ಕೇಳಿದರೆ ಸಾಲದು. ‘ಈ ಕೇಬಲ್‌ಗೆ, ಈ ಡಾಂಗಲ್‌ಗೆ, ಈ ಪ್ರಿಂಟರ್‌ಗೆ ಆರ್ಮ್64 ಡ್ರೈವರ್ ಇದೆಯಾ?’ ಅಂತ ಕೇಳಿ. ಆದರೆ ಅವನ್ನೇ ಒಯ್ದು ಜೋಡಿಸಿ ನೋಡಿ. ಇಲ್ಲದಿದ್ದರೆ ಎಕ್ಸ್86 ಯಂತ್ರವನ್ನೇ ಕೊಳ್ಳುವುದು ಜಾಣತನ. ಸುಗ್ಗಿಯಲ್ಲಿ ತೂಕ ನಿಂತರೆ ಕಾಯುತ್ತಾ ಕೂರಬೇಕಾದವನು ಚೀಲ ತಂದ ರೈತ.