ಗುಜರಿಗೆ ಹಾಕುವ ಮೊದಲು

ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಲ್ಲಿಸಿತು. ಆಮೇಲೆ ಶಿರಸಿಯ ನಮ್ಮ ಮನೆಗೆ ಹಳೇ ಲ್ಯಾಪ್‌ಟಾಪ್ ಹಿಡಿದುಕೊಂಡು ಬರುವವರು ಹೆಚ್ಚಾಗಿದ್ದಾರೆ. ನಾನು ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು. ಸಂಜೆ ಹೊತ್ತು, ಭಾನುವಾರ ಮಾತ್ರ ಈ ಹವ್ಯಾಸ. ಬರುವ ಯಂತ್ರಗಳಲ್ಲಿ ಬಹುಪಾಲು ಕೆಟ್ಟಿರುವುದೇ ಇಲ್ಲ. ವಿಂಡೋಸ್ 11 ಬಯಸುವ ಟಿಪಿಎಂ 2.0 ಎಂಬ ಸುರಕ್ಷತಾ ಸೌಲಭ್ಯ ಅವುಗಳಲ್ಲಿಲ್ಲ, ಅಥವಾ ಪ್ರೊಸೆಸರ್ ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನದು. ಇಷ್ಟಕ್ಕೇ ಅವು ಗುಜರಿಯ ದಾರಿ ಹಿಡಿದಿರುತ್ತವೆ.

ಇತ್ತೀಚೆಗೆ ನಿವೃತ್ತ ಮಾಸ್ತರೊಬ್ಬರು ಬಂದರು. "ಹೊಸದು ಕಳಿಸ್ತೇನೆ, ಇದನ್ನ ಗುಜರಿಗೆ ಹಾಕಿ ಅಂತಾನೆ ಮಗ. ನಂಗೆ ಬೇಕಾದ್ದು ಬರವಣಿಗೆ, ಯಕ್ಷಗಾನದ ಹಳೇ ಪ್ರಸಂಗ ಪುಸ್ತಕ ಸ್ಕ್ಯಾನ್ ಮಾಡೋದು, ಇಷ್ಟೇ. ನೀ ಒಂದ್ಸಲ ನೋಡು ತಮಾ" ಅಂದರು. "ಬಿಚ್ಚಿ ನೋಡ್ತೇನೆ ಮಾಸ್ತರೆ, ಇಲ್ಲೇ ಬಿಟ್ಟು ಹೋಗಿ" ಅಂದೆ.

ಅದು 2012ರ ಸುಮಾರಿನ ಯಂತ್ರ. ಮೂರನೇ ತಲೆಮಾರಿನ ಐ5 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಬಿಚ್ಚುವ ಮೊದಲು ರಟ್ಟಿನ ಮೇಲೆ ತಳದ ಆಕಾರ ಬರೆದುಕೊಂಡು, ತೆಗೆದ ಪ್ರತಿ ಸ್ಕ್ರೂವನ್ನೂ ಅದರದರ ಜಾಗದಲ್ಲೇ ಚುಚ್ಚಿಡುತ್ತೇನೆ. ಉದ್ದ, ಗಿಡ್ಡ ಸ್ಕ್ರೂ ಅದಲು ಬದಲಾದರೆ ಉದ್ದದ್ದು ಬೋರ್ಡಿಗೇ ನಾಟುತ್ತದೆ. ಒಳಗೆ ಫ್ಯಾನಿಗೂ ತಾಮ್ರದ ಹೀಟ್‌ಸಿಂಕಿಗೂ ನಡುವೆ ಧೂಳು ಕಂಬಳಿ ತುಂಡಿನ ಹಾಗೆ ಹೆಪ್ಪುಗಟ್ಟಿತ್ತು. ಗಾಳಿ ಹೊರಹೋಗದಿದ್ದರೆ ಪ್ರೊಸೆಸರ್ ಬಿಸಿಯಾಗುತ್ತದೆ, ಬಿಸಿ ಏರಿದರೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. "ಕಂಪ್ಯೂಟರ್ ಸ್ಲೋ ಆಗಿದೆ" ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಧೂಳೇ. ಬ್ರಶ್‌ನಿಂದ ಧೂಳು ತೆಗೆದೆ. ಒಣಗಿ ಪುಡಿಯಾಗಿದ್ದ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಹೊಸದು ಹಚ್ಚಿದೆ. ಮಲೆನಾಡಿನ ಮಳೆಗಾಲದ ತೇವಕ್ಕೆ ರ‍್ಯಾಮ್‌ನ ಅಂಚು ಮಂಕಾಗಿತ್ತು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ.

ಮುಂದಿನದು ಡಿಸ್ಕ್. ಪ್ರತಿ ಹಾರ್ಡ್ ಡಿಸ್ಕೂ ತನ್ನ ಆರೋಗ್ಯದ ದಾಖಲೆಯನ್ನು ಒಳಗೇ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಸ್ಮಾರ್ಟ್ ಎಂಬ ಹೆಸರು. 'ರೀಅಲೊಕೇಟೆಡ್ ಸೆಕ್ಟರ್' ಎಂಬ ಸಾಲಿನ ಅಂಕಿ ಏರುತ್ತ ಹೋಗುತ್ತಿದ್ದರೆ ಆ ಡಿಸ್ಕನ್ನು ನಂಬಬಾರದು. ಸರಿಯಾಗಿದ್ದರೂ ನಾನು ಎಸ್‌ಎಸ್‌ಡಿಗೆ ಬದಲಾಯಿಸುತ್ತೇನೆ. ಹಳೇ ಡಿಸ್ಕಿನಲ್ಲಿ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯ ಮೇಲೆ ಓದುವ ಮುಳ್ಳು ಸರಿದಾಡಬೇಕು, ಒಂದೊಂದು ಹುಡುಕಾಟಕ್ಕೂ ಹತ್ತು ಹದಿನೈದು ಮಿಲಿಸೆಕೆಂಡು ಹಿಡಿಯುತ್ತದೆ. ಎಸ್‌ಎಸ್‌ಡಿಗೆ ಒಂದು ಮಿಲಿಸೆಕೆಂಡೂ ಬೇಡ. ಡಿಡಿಆರ್3 ರ‍್ಯಾಮ್ ಸತ್ತ ಲ್ಯಾಪ್‌ಟಾಪ್‌ಗಳಿಂದ ಸಿಗುತ್ತದೆ, ಇಲ್ಲವಾದರೆ ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ಹುಡುಕುತ್ತೇನೆ. ಮಾಸ್ತರ ಯಂತ್ರ 8 ಜಿಬಿ ಆಯಿತು.

ಇನ್ನು ಅದಕ್ಕೆ ಬೇಕಾದದ್ದು ಹಳೇ ಹಾರ್ಡ್‌ವೇರನ್ನು ಕೈಬಿಡದ ಕಾರ್ಯಾಚರಣೆ ವ್ಯವಸ್ಥೆ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ. ಕನ್ನಡ ಬರೆಯಲು ಕೆ.ಪಿ. ರಾಯರ ವಿನ್ಯಾಸವನ್ನು ಆಧರಿಸಿದ ಕೆಜಿಪಿ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ, ನುಡಿ ತಂತ್ರಾಂಶ ಬಳಸಿದವರ ಬೆರಳಿಗೆ ಹೊಸದಾಗಿ ಕಲಿಯುವುದೇನೂ ಇಲ್ಲ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳೂ ಉಚಿತವಾಗಿ ಸಿಗುತ್ತವೆ. ಯೂನಿಕೋಡ್ ಬರುವ ಮೊದಲಿನ ಕಾಲದಲ್ಲಿ ಮಾಸ್ತರು ಟೈಪ್ ಮಾಡಿಟ್ಟಿದ್ದ ಫೈಲುಗಳು ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅವನ್ನು ಯೂನಿಕೋಡಿಗೆ ತರುವ ಮುಕ್ತ ಪರಿವರ್ತಕವನ್ನು ಕನ್ನಡದವರೇ ಬರೆದಿದ್ದಾರೆ.

ಪ್ರಸಂಗ ಪುಸ್ತಕಗಳಿಗೆ ಟೆಸೆರಾಕ್ಟ್ ಇದೆ. ಮುದ್ರಿತ ಪುಟದ ಚಿತ್ರ ನೋಡಿ ಅಕ್ಷರ ಗುರುತಿಸುವ ತಂತ್ರಾಂಶ ಅದು. 1980ರ ದಶಕದಲ್ಲಿ ಎಚ್‌ಪಿ ಕಂಪನಿಯೊಳಗೆ ಹುಟ್ಟಿ, 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು, ಈಗ ಕನ್ನಡವನ್ನೂ ಓದುತ್ತದೆ. ಹಳೇ ಅಚ್ಚಿನ ಒತ್ತಕ್ಷರಗಳಲ್ಲಿ ತಪ್ಪು ಬರುತ್ತದೆ, ಕೂತು ತಿದ್ದಬೇಕು. ಆದರೂ ಇಡೀ ಪುಟ ಟೈಪ್ ಮಾಡುವ ಶ್ರಮ ಉಳಿಯುತ್ತದೆ.

ಈ ತಂತ್ರಾಂಶಗಳಿಗೆ ದುಡ್ಡು ಕೊಡಬೇಕಿಲ್ಲ ಎಂಬುದನ್ನೇ ಜನ ದೊಡ್ಡದಾಗಿ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಹಕ್ಕು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆ ಘೋಷಿಸಿದರು. ಅದರಿಂದ ಬಂದ ಜಿಪಿಎಲ್ ಪರವಾನಗಿ ಹೇಳುವುದಿಷ್ಟು: ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಓದಬಹುದು, ತಿದ್ದಬಹುದು, ಹಂಚಬಹುದು, ತಿದ್ದಿದ್ದನ್ನು ಹಂಚುವವರು ಅದರ ಸೋರ್ಸ್ ಕೋಡನ್ನೂ ಕೊಡಬೇಕು. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಲಿನಕ್ಸ್ ಮರುವರ್ಷ ಇದೇ ಪರವಾನಗಿಗೆ ಬಂತು. ಹಾಗಾಗಿ ಒಂದು ಯಂತ್ರದ ಆಯುಸ್ಸು ಯಾವುದೋ ಕಂಪನಿಯ ವೇಳಾಪಟ್ಟಿಗೆ ಕಟ್ಟುಬೀಳಬೇಕಿಲ್ಲ. ಬಳಸುವವರು, ನೋಡಿಕೊಳ್ಳುವವರು ಇರುವ ತನಕ ಅದು ನಡೆಯುತ್ತದೆ.

ಸೋರ್ಸ್ ಕೋಡ್ ಕೊಡಬೇಕೆಂಬ ನಿಯಮದ ಫಲ ನಮ್ಮನೆಯ ಗೋಡೆಯ ಮೇಲೇ ಇದೆ. 2003ರಲ್ಲಿ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ವೈಫೈ ರೌಟರಿನೊಳಗೆ ಲಿನಕ್ಸ್ ಇದೆಯೆಂದು ಆಸಕ್ತರು ಕಂಡುಕೊಂಡರು. ಜಿಪಿಎಲ್ ಇದ್ದುದರಿಂದ ಕಂಪನಿ ಸೋರ್ಸ್ ಕೋಡ್ ಹೊರಗೆ ಕೊಡಬೇಕಾಯಿತು. ಅದರ ಮೇಲೆ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಶುರುವಾಯಿತು. ಇವತ್ತು ಬೇರೆ ಬೇರೆ ಕಂಪನಿಗಳ ನೂರಾರು ಮಾದರಿಯ ರೌಟರುಗಳಲ್ಲಿ ಅದು ನಡೆಯುತ್ತದೆ. ತಯಾರಕರು ಅಪ್‌ಡೇಟ್ ನಿಲ್ಲಿಸಿದ್ದ ಹಳೇ ರೌಟರಿಗೆ ನಾನು ಅದನ್ನು ಹಾಕಿದ್ದೇನೆ. ಅಡಿಕೆ ಸುಲಿಯುವ ಚಪ್ಪರದವರೆಗೂ ವೈಫೈ ಸಿಗುವುದು ಅದರಿಂದ.

ಮನೆಯ ಫೋಟೊ, ದಾಖಲೆಗಳನ್ನೆಲ್ಲ ಕಾಯುವುದು ಡೆಬಿಯನ್ ಎಂಬ ಲಿನಕ್ಸ್ ಹಾಕಿದ ಇನ್ನೊಂದು ಲ್ಯಾಪ್‌ಟಾಪ್. ಇಲ್ಲಿ ಕರೆಂಟಿನ ಲೆಕ್ಕ ಹಾಕಲೇಬೇಕು. 50 ವಾಟ್ ಎಳೆಯುವ ಹಳೇ ಡೆಸ್ಕ್‌ಟಾಪನ್ನು ಹಗಲೂ ರಾತ್ರಿ ಓಡಿಸಿದರೆ ವರ್ಷಕ್ಕೆ 438 ಯುನಿಟ್. 12 ವಾಟಿನ ಲ್ಯಾಪ್‌ಟಾಪಿಗೆ ಸುಮಾರು 105 ಯುನಿಟ್ ಸಾಕು. ಅದರ ಬ್ಯಾಟರಿಯೇ ಯುಪಿಎಸ್, ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ. ಆದರೆ ಬ್ಯಾಟರಿ ಉಬ್ಬಿದ್ದು ಕಂಡರೆ ಆ ಕ್ಷಣವೇ ಬಳಕೆ ನಿಲ್ಲಿಸಬೇಕು, ಚುಚ್ಚಲೂಬಾರದು, ಅದುಮಲೂಬಾರದು. ಗುಡುಗು ಕೇಳಿದರೆ ಕರೆಂಟಿನ ಪ್ಲಗ್ ಜೊತೆ ಇಂಟರ್ನೆಟ್ಟಿನ ಕೇಬಲ್ಲನ್ನೂ ಕಿತ್ತಿಡಬೇಕು. ತಾಮ್ರದ ತಂತಿಯಲ್ಲಿ ಬರುವ ಸಿಡಿಲಿನ ಹೊಡೆತ ಲ್ಯಾನ್ ಪೋರ್ಟನ್ನು ಸುಟ್ಟುಬಿಡುತ್ತದೆ.

ಎಲ್ಲರಿಗೂ ಲಿನಕ್ಸ್ ಹಾಕಿಕೊಡುವುದಿಲ್ಲ. ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ನೆಚ್ಚಿಕೊಂಡ ವ್ಯಾಪಾರಿಗೆ, ಡಿಜಿಟಲ್ ಸಹಿಯ ಟೋಕನ್ ದಿನವೂ ಬಳಸುವವರಿಗೆ ವಿಂಡೋಸ್ ಬೇಕಾಗುತ್ತದೆಂದು ಮೊದಲೇ ಹೇಳುತ್ತೇನೆ. ಮುಕ್ತ ತಂತ್ರಾಂಶದಲ್ಲೂ ಗಡಿಗಳಿವೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಹಳೇ 32 ಬಿಟ್ ಕಂಪ್ಯೂಟರುಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ಕೈಬಿಟ್ಟಿತು. ಹಾಗೆ ನಿಜವಾಗಿ ಮುಗಿದ ಯಂತ್ರದಿಂದ ರ‍್ಯಾಮ್, ಡಿಸ್ಕ್, ಸ್ಕ್ರೂ ತೆಗೆದಿಟ್ಟುಕೊಂಡು ಉಳಿದದ್ದನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಹಕರಿಗೆ ಕೊಡುತ್ತೇನೆ.

2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್ ಎನ್ನುತ್ತದೆ ವಿಶ್ವಸಂಸ್ಥೆಯ ವರದಿ. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಸಂಸ್ಕರಣೆಗೆ ಹೋದದ್ದಕ್ಕೆ ದಾಖಲೆ ಇರುವುದು ಶೇ 22.3ಕ್ಕೆ ಮಾತ್ರ. ಲ್ಯಾಪ್‌ಟಾಪಿನ ವಿಷಯದಲ್ಲಿ ಪರಿಸರದ ಮೇಲಿನ ಹೊರೆ ಬಹುಪಾಲು ಬೀಳುವುದು ಅದನ್ನು ತಯಾರಿಸುವಾಗಲೇ. ಇರುವುದನ್ನು ಇನ್ನೂ ಐದು ವರ್ಷ ಓಡಿಸಿದರೆ ಆ ಹೊರೆ ಮತ್ತೊಮ್ಮೆ ಬೀಳುವುದು ಅಷ್ಟು ಕಾಲ ಮುಂದೆ ಹೋಗುತ್ತದೆ.

ನಿಮ್ಮ ಮನೆಯ ಅಟ್ಟದಲ್ಲೂ ಒಂದು ಲ್ಯಾಪ್‌ಟಾಪ್ ಇದ್ದೀತು. ಮೊದಲು ಅದರಲ್ಲಿರುವ ಫೋಟೊ, ಕಾಗದಪತ್ರಗಳನ್ನು ಬೇರೆಡೆ ನಕಲು ಮಾಡಿಕೊಳ್ಳಿ. 8 ಜಿಬಿಯ ಒಂದು ಪೆನ್‌ಡ್ರೈವಿಗೆ ಲಿನಕ್ಸ್ ಮಿಂಟ್ ಇಳಿಸಿ ಅದರಿಂದಲೇ ಯಂತ್ರ ಶುರು ಮಾಡಿ. ಡಿಸ್ಕಿನಲ್ಲಿ ಏನನ್ನೂ ಅಳಿಸದೆ ವೈಫೈ, ಧ್ವನಿ, ಪ್ರಿಂಟರ್, ಕನ್ನಡ ಎಲ್ಲವನ್ನೂ ಪರೀಕ್ಷಿಸಬಹುದು. ಸರಿಹೋದರೆ ಇನ್‌ಸ್ಟಾಲ್ ಮಾಡಿ, ಓದುವ ಮಕ್ಕಳಿಗೋ ಊರಿನ ಗ್ರಂಥಾಲಯಕ್ಕೋ ಕೊಡಿ. ಬಳಸುವಾಗ ಕನ್ನಡದಲ್ಲಿ ಏನಾದರೂ ತಪ್ಪು ಕಂಡರೆ ಅದನ್ನು ಬರೆದವರಿಗೆ ತಿಳಿಸಿ, ಮೆನುಗಳ ಅನುವಾದಕ್ಕೆ ಕೈಜೋಡಿಸಿ. ಇಂಥ ತಂತ್ರಾಂಶ ಕನ್ನಡದಲ್ಲಿ ಇಷ್ಟರಮಟ್ಟಿಗೆ ಬೆಳೆದದ್ದು ಬಳಸುವವರು ಹೀಗೆ ದುಡಿದದ್ದರಿಂದಲೇ.